ಜಾಯಿಂಟ್ ಅಕೌಂಟಿಗೆ ಸಾವಿರ ಚೆಕ್ ಪುಸ್ತಕ

ಕಳೆದ ಭಾನುವಾರ ಬೆಳಿಗ್ಗೆ ಊರಿಂದ ತಮ್ಮನ ಫೋನು. "ಅಣ್ಣಾ, ಈ ಸಲ ಪಾಯಿಂಟು ಗ್ಯಾರಂಟಿ. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ್ಕಂತು. ತಿರುಚೆಂಗೋಡಿನ ಲಾರಿ ಪಕ್ಕದೂರಲ್ಲೇ ಐತೆ. ನೀನು ದುಡ್ಡು ಹಾಕಿದ್ರೆ ಬುಧವಾರ ಕೊರೆಸಿಬಿಡ್ತೀನಿ" ಅಂದ. ನಮ್ಮ ಮೂರು ಎಕರೆಗೆ ಇದು ನಾಲ್ಕನೇ ಬೋರು. ಮೊದಲನೆಯದು 350 ಅಡಿ, ಎರಡನೆಯದು 900. ಮೂರನೆಯದು 1400 ಅಡಿಗೆ ಹೋಗಿ ಬರೀ ಧೂಳು ಉಗುಳಿತು. ಮೂರಕ್ಕೂ ದುಡ್ಡು ಹೋಗಿದ್ದು ಇದೇ ತುರ್ಭೆಯಿಂದ, ನನ್ನ ಸಂಬಳದಿಂದ. ಹಾಗಾಗಿ ಮುಂದೆ ಬರೆಯುವುದರಲ್ಲಿ ಯಾರಿಗಾದರೂ ಬೈಗುಳ ಇದ್ದರೆ ಮೊದಲನೆಯದು ನನಗೇ ಸಲ್ಲಬೇಕು.

ನಮ್ಮೂರು ಕೋಲಾರ ತಾಲ್ಲೂಕು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ, ಕೆರೆ ನಂಬಿ ಬದುಕಿದ ನೆಲ. ನಾನು ಹುಡುಗನಾಗಿದ್ದಾಗ ಕೆರೆಗೆ ನೀರುಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಎಲ್ಲಾ ಅವನ ಕೈಲಿ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನವರು ಕೂತು ಈ ಸಲ ಭತ್ತ ಬೇಡ, ರಾಗಿ ಸಾಕು ಅಂತ ತೀರ್ಮಾನ ಮಾಡುತ್ತಿದ್ದರು. ಅದೇನು ರಾಮರಾಜ್ಯವಾಗಿರಲಿಲ್ಲ ಬಿಡಿ. ನಮ್ಮ ನೀರುಗಂಟಿ ದಲಿತ, ಅವನು ನೀರು ಬಿಡುತ್ತಿದ್ದ ಗದ್ದೆಗಳಲ್ಲಿ ಒಂದೂ ಅವನದಲ್ಲ. ಆದರೂ ಲೆಕ್ಕ ಅನ್ನೋದೊಂದು ಇತ್ತು. ಬೋರು ಬಂತು, ಲೆಕ್ಕ ಹೋಯಿತು.

ಬಿ.ಕಾಂ. ಓದಿ ಬ್ಯಾಂಕು ಸೇರಿದ ನನಗೆ ಇದು ಕಾಣೋದೇ ಒಂದು ಖಾತೆಯ ಹಾಗೆ. ಊರಿಗೆಲ್ಲಾ ಒಂದೇ ಜಾಯಿಂಟ್ ಅಕೌಂಟು, ಸಾವಿರ ಚೆಕ್ ಪುಸ್ತಕ, ಪಾಸ್‌ಬುಕ್ ಇಲ್ಲವೇ ಇಲ್ಲ! ಯಾವ ಮ್ಯಾನೇಜರು ಒಪ್ಪುತ್ತಾನೆ ಹೇಳಿ? ನಮ್ಮ ಕಾನೂನು ಒಪ್ಪಿದೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ನನ್ನ ಜಮೀನಿನ ಕೆಳಗಿನ ನೀರು ಎತ್ತಲು ನಾನು ಹಕ್ಕುದಾರ. ನೀರಿಗೆ ಪಹಣಿ ಗೊತ್ತೇ ಸ್ವಾಮಿ? ಬದು ಕಂಡರೆ ನಿಲ್ಲುತ್ತದೆಯೇ? ನಮ್ಮದು ಕಲ್ಲುನೆಲ. ಮೇಲೆ ಕೊಳೆತ ಕಲ್ಲಿನ ಪದರ, ಅದು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಅದರ ಕೆಳಗೆ ಗಟ್ಟಿ ಬಂಡೆ, ಅಲ್ಲಿ ಬಿರುಕಿನಲ್ಲಿ ಸಿಕ್ಕಷ್ಟೇ ನೀರು. ನಮ್ಮಜ್ಜನ ಬಾವಿ ಕುಡಿದದ್ದು ಮೇಲಿನ ಪದರದಿಂದ. 1400 ಅಡಿಗೆ ಹೋಗುವವನು ಹೊಸ ಖಜಾನೆಯನ್ನೇನೂ ಹುಡುಕುತ್ತಿಲ್ಲ. ಅದೇ ಬಿರುಕುಗಳ ದಾರಿಯಲ್ಲಿ ಅಕ್ಕಪಕ್ಕದವರ ನೀರನ್ನು ಕೆಳಕ್ಕೆ ಎಳೆಯುತ್ತಾನೆ, ಜೊತೆಗೆ ಫ್ಲೋರೈಡನ್ನು ಮೇಲಕ್ಕೆ ತರುತ್ತಾನೆ. 2011ರಲ್ಲಿ ಕರ್ನಾಟಕ ಅಂತರ್ಜಲ ಕಾಯ್ದೆ ಬಂತು, ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರು ಕೊರೆಯಲು ಅನುಮತಿ ಬೇಕು ಅಂತಾಯಿತು. ಅನುಮತಿ ವಿಚಾರ ಕೇಳಿದೆ. ತಮ್ಮ ನಕ್ಕುಬಿಟ್ಟ.

ಈಗ ಆ ಖಾತೆಗೆ ಬಂದ ದೊಡ್ಡ ಡೆಪಾಸಿಟ್ಟಿನ ಕಥೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರಕ್ಕೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ ಪಂಪ್ ಮಾಡಿ 126 ಕೆರೆ ತುಂಬಿಸುವ ಯೋಜನೆ. ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟು ತಡೆ ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ, ಆಮೇಲೆ ಅದೂ ತೆರವಾಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಹೋರಾಡಿದವರನ್ನು "ಅಭಿವೃದ್ಧಿ ವಿರೋಧಿಗಳು" ಅಂತ ಕರೆದವರಿಗೆ ನಮ್ಮ ನವಿಮುಂಬಯಿ ತೋರಿಸಬೇಕು ನನಗೆ. ಇಲ್ಲಿ ಐರೋಲಿ, ಕೋಪರಖೈರಣೆಗಳಲ್ಲಿ ದಿನಕ್ಕೆ ತಲಾ 2 ಕೋಟಿ ಲೀಟರ್ ಕೊಳಚೆ ನೀರನ್ನು ಮೂರನೇ ಹಂತದವರೆಗೆ ಸೋಸುವ ಘಟಕ ಕಟ್ಟಿದ್ದಾರೆ. ಯಾರಿಗೆ? ತುರ್ಭೆಯಿಂದ ದಿಘಾವರೆಗಿನ ಕಾರ್ಖಾನೆಗಳಿಗೆ! ಇಲ್ಲಿ ಯಂತ್ರ ತೊಳೆಯಲು ಮೂರು ಹಂತ, ಅಲ್ಲಿ ಜನ ಕುಡಿಯುವ ಅಂತರ್ಜಲಕ್ಕೆ ಇಳಿಯುವ ನೀರಿಗೆ ಎರಡೇ ಹಂತ.

ಅಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಒಪ್ಪಬೇಕು. ನಮ್ಮೂರ ಕೆರೆ ತುಂಬಿದ ಮೇಲೆ ಸುತ್ತಲ ಬೋರುಗಳಲ್ಲಿ ನೀರು ಮೇಲೆ ಬಂದದ್ದು ನಿಜ. ಕಣ್ಣಾರೆ ನೋಡಿದ್ದೇನೆ. ಇಪ್ಪತ್ತು ವರ್ಷ ಒಣಗಿದ್ದ ಕೆರೆಯ ಏರಿ ಮೇಲೆ ನಿಂತು ಅವ್ವ ಅತ್ತಳು. ಆದರೆ ನೀರು ಮೇಲೆ ಬಂದ ಮೇಲೆ ನಾವು ಮಾಡಿದ್ದೇನು? ಟೊಮ್ಯಾಟೊ ಎರಡು ಪಟ್ಟು ಹಾಕಿದೆವು. ಕೆರೆಯಿಂದ ನೇರ ಎತ್ತಬಾರದು, ಇದು ಇಂಗಲಿಕ್ಕೆ ಬಿಟ್ಟ ನೀರು ಅಂದರೂ ರಾತ್ರಿ ಮೋಟಾರು ಇಟ್ಟೆವು. 10 ಎಚ್‌ಪಿವರೆಗೆ ಕರೆಂಟು ಪುಕ್ಕಟೆ, ಬಿಡುವವರು ಯಾರು? ಡೆಪಾಸಿಟ್ಟಿನ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ಜಗಳ ಆಡಿದ ನಾವು ವಿತ್‌ಡ್ರಾವಲ್ ಬಗ್ಗೆ ಒಂದು ಗ್ರಾಮಸಭೆ ಸೇರಿಸಲಿಲ್ಲ. ಇನ್ನು ಎತ್ತಿನಹೊಳೆ ನೀರೂ ಬರಲಿ, ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಆಗಿದೆ. ತೂತು ಬಿದ್ದ ಕೊಡಕ್ಕೆ ಪಶ್ಚಿಮಘಟ್ಟವನ್ನೇ ಹಿಂಡಿ ಹಾಕಿದರೂ ಅಷ್ಟೇ.

"ನಲ್ಲಿ ತಿರುಗಿಸಿದರೆ ಮೋರ್ಬೆ ಡ್ಯಾಮಿನ ನೀರು ಕುಡಿಯುವ ನೀನು ರೈತನಿಗೆ ಬುದ್ಧಿ ಹೇಳೋದಾ?" ಅಂತ ಕೇಳುವವರಿದ್ದೀರಿ. ಸರಿಯಾದ ಪ್ರಶ್ನೆ. ಆದರೆ ಆ ನಲ್ಲಿಗೆ ಮೀಟರಿದೆ, ಬಿಲ್ಲು ಜಾಸ್ತಿ ಬಂದರೆ ಸೊಸೈಟಿ ಮೀಟಿಂಗಿನಲ್ಲಿ ಕುರ್ಚಿ ಹಾರುತ್ತವೆ. ಅಲ್ಲದೆ ಆ ಬೋರುಗಳಿಗೆ ದುಡ್ಡು ಕಳಿಸುತ್ತಿರುವವರು ನಾವೇ ಅಲ್ಲವೇ? ಬೆಳೆಯ ಲಾಭದಲ್ಲಿ 1400 ಅಡಿ ಕೊರೆಸುವ ರೈತ ನಮ್ಮ ಕಡೆ ಎಷ್ಟು ಮಂದಿ ಇದ್ದಾರೆ?

ಇದೇ ಮಹಾರಾಷ್ಟ್ರದಲ್ಲಿ, ಅಹಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್‌ಗೆ ಒಮ್ಮೆ ಹೋಗಿಬನ್ನಿ, ಅರ್ಧ ದಿನದ ದಾರಿ. ಕೋಲಾರಕ್ಕಿಂತ ಕಡಿಮೆ ಮಳೆ ಬೀಳುವ ಊರು. ಸರಪಂಚ ಪೋಪಟರಾವ್ ಪವಾರ್ ಜೊತೆ ಊರವರು ಗುಡ್ಡಕ್ಕೆ ಕಂದಕ ಹೊಡೆದು ನೀರು ಇಂಗಿಸಿದರು. ಅದನ್ನು ಎಲ್ಲರೂ ಹೊಗಳುತ್ತಾರೆ. ಅವರ ನಿಜವಾದ ಸಾಹಸ ಬೇರೆ. ಬೇಸಾಯಕ್ಕೆ ಬೋರು ಬೇಡ, ತೆರೆದ ಬಾವಿ ಸಾಕು ಅಂದರು. ಕಬ್ಬು, ಬಾಳೆ ಬೇಡ ಅಂದರು. ಪ್ರತಿವರ್ಷ ಮಳೆ ಅಳೆದು, ಬಾವಿ ಅಳೆದು, ಮೊದಲು ಕುಡಿಯುವ ನೀರು ತೆಗೆದಿಟ್ಟು, ಉಳಿದದ್ದಕ್ಕೆ ಯಾವ ಬೆಳೆ ಎಂದು ಗ್ರಾಮಸಭೆಯಲ್ಲಿ ತೀರ್ಮಾನಿಸುತ್ತಾರೆ. ನಮ್ಮೂರ ಅಚ್ಚುಕಟ್ಟಿನವರು ಕೆರೆ ಏರಿ ಮೇಲೆ ಕೂತು ಮಾಡುತ್ತಿದ್ದದ್ದೂ ಇದನ್ನೇ. ಕೆ.ಸಿ. ವ್ಯಾಲಿ ನೀರು ಪಡೆದ ಒಂದೊಂದು ಕೆರೆಯ ಸುತ್ತ ಇಷ್ಟು ಮಾಡಲು ಯಾವ ಸಾವಿರ ಕೋಟಿಯೂ ಬೇಡ.

ತಮ್ಮನಿಗೆ ಹೇಳಿದೆ: ಬೋರಿಗೆ ದುಡ್ಡಿಲ್ಲ. ಅಜ್ಜನ ಬಾವಿಯ ಹೂಳು ತೆಗೆಸು, ಡ್ರಿಪ್ ಹಾಕಿಸು, ನಾಳೆಯೇ ಕಳಿಸುತ್ತೇನೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಾವು ಬಿಟ್ರೆ ಪಕ್ಕದ ತೋಟದೋರು ಬಿಡ್ತಾರಾ ಅಣ್ಣಾ? ಅವರು ಕೊರೆಸಿದ್ರೆ ಅಜ್ಜನ ಬಾವೀಲೂ ನೀರಿರಲ್ಲ" ಅಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಒಬ್ಬನೇ ಚೆಕ್ ಬರೆಯುವುದು ಬಿಟ್ಟರೆ ಉಳಿದವರಿಗೆ ಅದು ಬೋನಸ್ಸು, ಅಷ್ಟೇ.

ಪಕ್ಕದ ತೋಟದವರ ಮಗ ಇರುವುದು ಡೊಂಬಿವಲಿಯಲ್ಲಿ. ಅಲ್ಲಿನ ದುಡ್ಡೂ ಅವನದೇ. ಈ ಭಾನುವಾರ ಅವನ ಮನೆಗೆ ಹೋಗುತ್ತಿದ್ದೇನೆ.