ತೆರೆ ಕತ್ತಲಾದಾಗ

ಕಳೆದ ಮಳೆಗಾಲದ ಒಂದು ಸಂಜೆ ಅಜೆಕಾರಿನ ನಮ್ಮ ಮನೆಯ ಗಣಕಯಂತ್ರದ ತೆರೆ ಕಪ್ಪಾಗಿಯೇ ಉಳಿಯಿತು. ಹಿಂದಿನ ದಿನ ಅದರ ಲಿನಕ್ಸ್ ಕರ್ನೆಲನ್ನು ನವೀಕರಿಸಿದ್ದೆವು. ಸಿಡಿಲು ಬಡಿದಿರಬೇಕೆಂದರು ಮನೆಯವರು. ಗ್ರಾಫಿಕ್ಸ್ ಕಾರ್ಡು ಸುಟ್ಟಿದೆ, ಹೊಸದನ್ನು ಕೊಳ್ಳಿರೆಂದರು ದುರಸ್ತಿಯವರು. ಮಗಳು ಮರುದಿನ ಕಾಲೇಜಿಗೆ ಒಪ್ಪಿಸಬೇಕಾಗಿದ್ದ ಪ್ರಬಂಧ ಅದರೊಳಗೆ ಸಿಕ್ಕಿಕೊಂಡಿತ್ತು. ಕೊನೆಗೆ ಹಳೆಯ ಕರ್ನೆಲಿನಿಂದ ಯಂತ್ರವನ್ನು ಎಬ್ಬಿಸಿದೆವು, ತೆರೆ ಬೆಳಗಿತು. ಕಾರ್ಡಿಗೆ ಏನೂ ಆಗಿರಲಿಲ್ಲ.

ಕರ್ನೆಲ್ ಎಂದರೆ ತಿರುಳು. ಗೇರುಬೀಜವನ್ನು ಬಲ್ಲ ಕಾರ್ಕಳದ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರದ ಅಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ನಡೆಸುವುದು ಅದರ ಕೆಲಸ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ತಿರುಳಿನ ಒಳರಚನೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿರುತ್ತದೆ. ತಿರುಳಿನೊಡನೆಯೇ ಇರುವ ಚಾಲಕಗಳನ್ನು, ಆ ಬದಲಾವಣೆ ಮಾಡಿದವರೇ ಸರಿಹೊಂದಿಸುತ್ತಾರೆ. ಇಂಟೆಲ್, ಎಎಂಡಿ ಚಿಪ್ಪುಗಳ ಚಾಲಕಗಳು ಈ ಬಗೆಯವು. ಹೊರಗುಳಿದ ಚಾಲಕವನ್ನಾದರೋ ಪ್ರತಿಯೊಂದು ಹೊಸ ತಿರುಳಿಗೂ ಮರಳಿ ಕಟ್ಟಬೇಕು. ಇದನ್ನು ತಾನಾಗಿ ಮಾಡುವುದಕ್ಕೆಂದೇ ಡೆಲ್ ಕಂಪೆನಿಯವರು 2003ರಲ್ಲಿ ಡಿಕೆಎಂಎಸ್ ಎಂಬ ಸಾಧನವನ್ನು ಹೊರತಂದರು. ಆದರೆ ಹೊಸ ತಿರುಳಿನ ಹೆಡರ್ ಕಡತಗಳು ಇಲ್ಲದಿದ್ದರೆ, ಇಲ್ಲವೆ ಚಾಲಕದ ಆಕರವೇ ಹೊಸದಕ್ಕೆ ಒಗ್ಗದಿದ್ದರೆ, ಅದೂ ಕೈಚೆಲ್ಲುತ್ತದೆ. ಕಟ್ಟಿದ ಮೇಲೂ, ಸೆಕ್ಯೂರ್ ಬೂಟ್ ಜಾರಿಯಲ್ಲಿರುವ ಯಂತ್ರ ಸಹಿಯಿಲ್ಲದ ಚಾಲಕವನ್ನು ಒಳಗೆ ಬಿಡದಿರಬಹುದು. ನಮ್ಮಲ್ಲಿ ಇರದಿದ್ದುದು ಹೆಡರ್ ಕಡತಗಳು; ಆ ಲೋಪ ನಮ್ಮದೇ.

ಆದುದರಿಂದ ತೆರೆ ಕತ್ತಲಾದೊಡನೆ ಅಂಗಡಿಗೆ ಓಡಬೇಡಿರಿ. ಯಂತ್ರ ಏಳುವಾಗ ಕಾಣುವ ಗ್ರಬ್ ಪಟ್ಟಿಯಲ್ಲಿ ‘ಅಡ್ವಾನ್ಸ್ಡ್ ಆಪ್ಶನ್ಸ್’ ಎಂಬುದನ್ನು ತೆರೆದು ಹಿಂದಿನ ತಿರುಳನ್ನು ಆರಿಸಿರಿ. ಆ ಬಳಿಕ ಹೊಸ ತಿರುಳಿನ ಹೆಡರ್‌ಗಳನ್ನು ಹಾಕಿ ಚಾಲಕವನ್ನು ಮರಳಿ ಕಟ್ಟಿಸಿರಿ. ಹೊಸದು ನೆಟ್ಟಗೆ ನಡೆಯುವವರೆಗೆ ಹಳೆಯದನ್ನು ಅಳಿಸಬೇಡಿರಿ.

ನವೀಕರಣವನ್ನೇ ನಿಲ್ಲಿಸಿದರೆ ತೊಂದರೆ ತಪ್ಪೀತಲ್ಲ ಎನ್ನುವವರುಂಟು. ನಾವು ಒಪ್ಪಲಾರೆವು. ಭದ್ರತೆಯ ಬಿರುಕುಗಳನ್ನು ಮುಚ್ಚುವುದು ಆ ನವೀಕರಣಗಳೇ. ನಿಜವಾದ ಪರಿಹಾರ ಚಾಲಕಗಳ ಆಕರವನ್ನು ಬಹಿರಂಗಪಡಿಸಿ ತಿರುಳಿನೊಳಗೆ ಸೇರಿಸುವುದರಲ್ಲಿದೆ. ಎನ್ವಿಡಿಯಾ ಚಿಪ್ಪುಗಳ ನಡವಳಿಕೆಯನ್ನು ಹೊರಗಿನಿಂದಲೇ ಪರೀಕ್ಷಿಸಿ ಸ್ವಯಂಸೇವಕರು ಬರೆದ ನೂವೋ ಚಾಲಕ 2010ರಲ್ಲಿ ತಿರುಳನ್ನು ಸೇರಿತು. 2022ರ ಮೇ ತಿಂಗಳಲ್ಲಿ ಎನ್ವಿಡಿಯಾದವರೇ ತಮ್ಮ ಹೊಸ ಚಿಪ್ಪುಗಳ ಚಾಲಕದಲ್ಲಿ ತಿರುಳಿಗೆ ತಗಲುವ ಭಾಗವನ್ನು ಬಿಚ್ಚಿಟ್ಟರು. ಇದು ಸ್ವಾಗತಾರ್ಹ, ಆದರೆ ಹಳೆಯ ಚಿಪ್ಪುಗಳಿಗೆ ಅದರಿಂದ ಪ್ರಯೋಜನವಿಲ್ಲ. ನಮ್ಮ ಹಳ್ಳಿಗಳ ಮನೆ, ಶಾಲೆಗಳಲ್ಲಿ ಕೈಯಿಂದ ಕೈಗೆ ಬಂದ ಯಂತ್ರಗಳೂ ಇವೆಯಲ್ಲವೇ? ಮುಚ್ಚಿಟ್ಟ ಚಾಲಕಕ್ಕೆ ತಯಾರಕರ ಬೆಂಬಲ ನಿಂತಾಗ, ಕೆಡದ ಕಾರ್ಡೂ ಹೊಸ ತಿರುಳಿನ ಮುಂದೆ ಕೆಟ್ಟಂತೆಯೇ.

ಶಾಲೆಗಳಿಗೂ ಕಚೇರಿಗಳಿಗೂ ಲಿನಕ್ಸ್ ಯಂತ್ರಗಳನ್ನು ಕೊಳ್ಳುವಾಗ, ಅವುಗಳ ಚಾಲಕ ತಿರುಳಿನೊಳಗೆ ಇದೆಯೇ ಎಂದು ಮೊದಲು ಕೇಳಬೇಕು. ಬೆಲೆಪಟ್ಟಿಯಲ್ಲಿ ಕಾಣದ ಈ ಒಂದು ಪ್ರಶ್ನೆಯೇ ಯಂತ್ರದ ಆಯುಷ್ಯವನ್ನು ನಿರ್ಧರಿಸಬಲ್ಲುದು. ಪ್ರಬಂಧವೇನೋ ಹೊತ್ತಿಗೆ ಸರಿಯಾಗಿ ಕಾಲೇಜನ್ನು ಸೇರಿತು. ಅಂದು ದುರಸ್ತಿಯವರ ಮಾತನ್ನು ನಂಬಿದ್ದರೆ, ಸರಿಯಾಗಿದ್ದ ಕಾರ್ಡೊಂದು ಗುಜರಿಯನ್ನು ಸೇರುತ್ತಿತ್ತು.