ಹಂಚಿನ ಮನೆ ಅಂತ ಬರೆದರೆ ಯಾರಿಗೆ ಲಾಭ, ಯಾರಿಗೆ ನಷ್ಟ?

ಮನೆ ಅಡವಿಟ್ಟು ಸಾಲ ಕೇಳಿದರೆ ಬ್ಯಾಂಕಿನವರು ಮೊದಲು ವ್ಯಾಲ್ಯುಯರ್‌ನ ಕಳಿಸ್ತಾರೆ. ಅವರು ಟೇಪ್ ಹಿಡಿದು ಅಳೆದು, ನಾಲ್ಕು ಫೋಟೊ ತೆಗೆದು ವರದಿ ಬರೀತಾರೆ. ಮನೆ ಎಂಥದ್ದು ಅನ್ನೋದಕ್ಕೆ ಅದರಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ: ಆರ್‌ಸಿಸಿ, ಹಂಚು, ಇಲ್ಲವೇ ಶೀಟು. ತೊಟ್ಟಿ ಮನೆಯಾಗಿರಲಿ, ಕಿಟಕಿ ಮೇಲೆ ಮಂಕಿ ಟಾಪ್ ಇರುವ ಬೆಂಗಳೂರಿನ ಹಳೇ ಬಂಗಲೆಯಾಗಿರಲಿ, ಬಾಗಲಕೋಟೆ ಕಡೆಯ ಕಲ್ಲು-ಮಣ್ಣಿನ ಮಾಳಿಗೆ ಮನೆಯಾಗಿರಲಿ, ಕಾಗದದ ಮೇಲೆ ಅದು ಬರೀ ಒಂದು ಸೂರು.

ಇದರಲ್ಲೇನಿದೆ ರಾಜಕೀಯ ಅಂತೀರಾ? ಸೂರಿನ ಹೆಸರಿನ ಮೇಲೆ ಕಟ್ಟಡದ ಆಯುಷ್ಯ ಲೆಕ್ಕ ಹಾಕ್ತಾರೆ, ಆಯುಷ್ಯದ ಮೇಲೆ ಸವಕಳಿ. ನೆರೆ ಬಂದಾಗ ಇದೇ ಆಟ ಇನ್ನೂ ಕ್ರೂರ. ವಿಪತ್ತು ಪರಿಹಾರ ನಿಧಿಯ 2022ರ ಮಾನದಂಡದಂತೆ ಭಾಗಶಃ ಹಾನಿಯಾದ ‘ಪಕ್ಕಾ’ ಮನೆಗೆ 6,500 ರೂಪಾಯಿ, ‘ಕಚ್ಚಾ’ ಮನೆಗೆ 4,000. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೂರು ತಲೆಮಾರು ಬಾಳಿದ ತೊಲೆ ಇದ್ದರೂ ಒಂದು ಪದಕ್ಕೆ ಮನೆ ಕಚ್ಚಾ ಆಗಿಬಿಡಬಹುದು.

ತಮಾಷೆ ಅಂದ್ರೆ, ಇದೇ ಪದ ಇನ್ನೊಂದು ಕಚೇರಿಯಲ್ಲಿ ಮಾಲೀಕನ ಪರವಾಗಿ ಕೆಲಸ ಮಾಡುತ್ತೆ. ಬೆಂಗಳೂರು ಪಾಲಿಕೆ 2008ರಲ್ಲಿ ತಂದ ಸ್ವಯಂ ಘೋಷಣೆ ಆಸ್ತಿ ತೆರಿಗೆಯಲ್ಲಿ ಆರ್‌ಸಿಸಿ ಮತ್ತು ಮದ್ರಾಸ್ ತಾರಸಿ ಮನೆಗಳು ಮೇಲಿನ ವರ್ಗ. ಅದೇ ಸೂರಿನಡಿ ಸಿಮೆಂಟ್ ಅಥವಾ ರೆಡ್ ಆಕ್ಸೈಡ್ ನೆಲ ಇದ್ದರೆ ಒಂದು ಮೆಟ್ಟಿಲು ಕೆಳಗೆ. ಹಂಚು ಮತ್ತು ಎಲ್ಲ ಬಗೆಯ ಶೀಟು ಒಂದೇ ಬುಟ್ಟಿಗೆ, ಅದಕ್ಕೂ ಕೆಳಗೆ. ಹಾಗಾಗಿ ಪಾಲಿಕೆಗೆ ‘ಬರೀ ಹಂಚಿನ ಮನೆ ಸ್ವಾಮಿ’ ಅಂದವನೇ ಬ್ಯಾಂಕಿಗೆ ಹೋಗಿ ‘ಹೆರಿಟೇಜ್ ಮನೆ ಸಾರ್’ ಅಂತಾನೆ. ಅವನನ್ನ ಬೈಯೋದಕ್ಕೆ ನನಗೆ ಮನಸ್ಸಿಲ್ಲ.

ಹಂಚು ಅಂದ್ರೆ ಹಳತು, ಬಡತನ ಅನ್ನೋ ಭಾವನೆಯೇ ಚರಿತ್ರೆಗೆ ವಿರುದ್ಧ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಅದು ಹುಲ್ಲಿನ ಸೂರಿನ ಎದುರು ಬಂದ ಆಧುನಿಕ ಸರಕು. ಯಂತ್ರದಲ್ಲಿ ಒತ್ತಿ, ಭಟ್ಟಿಯಲ್ಲಿ ಸುಟ್ಟು, ಹಡಗಿನಲ್ಲಿ ಹೊರದೇಶಕ್ಕೂ ಹೋಯಿತು. ಇವತ್ತು ಅದೇ ಹಂಚನ್ನ ಹಳೇ ಮನೆಗಳಿಂದ ಬಿಚ್ಚಿಸಿ ತಂದು, ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಹೊದಿಸಿ ‘ಟ್ರೆಡಿಷನಲ್ ವಿಲ್ಲಾ’ ಅಂತ ಮಾರ್ತಾರೆ. ರೆಡ್ ಆಕ್ಸೈಡ್ ನೆಲದ ಕಥೆಯೂ ಅಷ್ಟೇ. ಶೈಲಿಯ ಹೆಸರು ಬಿಲ್ಡರ್ ಬಾಯಲ್ಲಿ ಬೆಲೆ ಏರಿಸುತ್ತೆ. ಅಸಲಿ ಮನೆಯ ವರದಿಗೆ ಬಂದಾಗ ಮಾತ್ರ ಅದು ಸವಕಳಿಯ ಕಾರಣ.

ಹಾಗಂತ ಶೈಲಿಯ ಹೆಸರುಗಳನ್ನ ಸುಮ್ಮನೆ ತುಂಬಿಸಿದರೂ ಅಪಾಯ ಇದೆ. ಗುತ್ತಿನ ಮನೆ ಅಂದರೆ ಬರೀ ಕಂಬ, ಚಾವಡಿ ಅಲ್ಲ. ಅದು ಕರಾವಳಿಯ ಭೂಮಾಲೀಕ ಕುಟುಂಬಗಳ ಅಧಿಕಾರದ ಹೆಸರೂ ಹೌದು. ಇನ್ನೊಂದು ತುದಿಯಲ್ಲಿ ‘ಜನತಾ ಮನೆ’, ‘ಆಶ್ರಯ ಮನೆ’, ‘ಕಾಲೊನಿ ಮನೆ’ ಇವೆ. ಇವು ಯಾವ ಶೈಲಿಯೂ ಅಲ್ಲ, ಸರ್ಕಾರಿ ಯೋಜನೆ ಮತ್ತು ಕೇರಿಯ ಹೆಸರುಗಳು. ಮಗ ದುಡಿದು ಮೇಲೊಂದು ಮಹಡಿ ಕಟ್ಟಿಸಿ ಗ್ರಾನೈಟ್ ಹಾಕಿಸಿದರೂ ಊರ ಬಾಯಲ್ಲಿ ಅದು ಕಾಲೊನಿ ಮನೆಯೇ. ಒಂದು ಪದ ಜಾತಿಯ ಗತ್ತನ್ನ ಬೆಲೆಯಾಗಿ ಮಾರುತ್ತೆ, ಇನ್ನೊಂದು ಜಾತಿಯ ಕಳಂಕವನ್ನ ಬೆಲೆಯಿಂದ ಕಳೆಯುತ್ತೆ. ವರದಿಗೆ ಎರಡೂ ಬೇಡ.

ಅಮೆರಿಕದ ಗೃಹಸಾಲದ ಅಂದಾಜು ಫಾರ್ಮಿನಲ್ಲಿ ಶೈಲಿಗೇ ಒಂದು ಕಾಲಂ ಇತ್ತು. ಅಲ್ಲಿ ‘ಇಟ್ಟಿಗೆ’, ‘ಎರಡು ಮಹಡಿ’, ‘ಸಾಧಾರಣ’ ಅಂತೆಲ್ಲ ಬರೆಯುವಂತಿಲ್ಲ, ಅವು ಶೈಲಿಗಳಲ್ಲ ಅಂತ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳ ಸೂಚನೆಯೇ ಇತ್ತು. ಹಾಗಂತ ಆ ದೇಶದಲ್ಲಿ ಮನೆಗೆ ಬೆಲೆ ಕಟ್ಟೋದರಲ್ಲಿ ತಾರತಮ್ಯ ಅಳಿಯಲಿಲ್ಲ, ಕರಿಯರ ಮನೆಗಳಿಗೆ ಕಡಿಮೆ ಬೆಲೆ ಕಟ್ಟುವ ದೂರು ಇವತ್ತಿಗೂ ಇದೆ. ಆದರೂ ಸರಕು ಬೇರೆ, ಶೈಲಿ ಬೇರೆ ಅನ್ನೋ ಆ ವಿಂಗಡಣೆ ನಮಗೂ ಬೇಕು. ಸೂರು ಯಾವುದು, ಮನೆಯ ವಿನ್ಯಾಸ ಎಂಥದ್ದು, ಈಗಿನ ಸ್ಥಿತಿ ಹೇಗಿದೆ ಅನ್ನೋದು ಮೂರು ಬೇರೆ ಬೇರೆ ಪ್ರಶ್ನೆ. ಒಳ್ಳೇ ಸ್ಥಿತಿಯಲ್ಲಿರುವ ನೂರು ವರ್ಷದ ತೊಟ್ಟಿ ಮನೆ, ಸೋರುವ ಇಪ್ಪತ್ತು ವರ್ಷದ ಸ್ಲ್ಯಾಬು ಎರಡೂ ನಮ್ಮ ಸುತ್ತಲೇ ಇವೆಯಲ್ಲ.

ರಸ್ತೆಗೋ ಅಣೆಕಟ್ಟಿಗೋ ಊರು ಬಿಡಬೇಕಾದವರಿಗೆ ಇದು ಇನ್ನೂ ತುರ್ತು. 2013ರ ಭೂಸ್ವಾಧೀನ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಕಟ್ಟಡದ ಬೆಲೆ ನಿಗದಿಗೆ ಜಿಲ್ಲಾಧಿಕಾರಿ ಎಂಜಿನಿಯರ್ ಅಥವಾ ಆ ಕ್ಷೇತ್ರದ ತಜ್ಞರ ನೆರವು ಪಡೆಯಬಹುದು. ಅಳತೆಗೆ ಬಂದ ದಿನ ಪಕ್ಕದಲ್ಲೇ ನಿಂತು ‘ಸಾರ್, ಮನೆ ಕಾಲಂನಲ್ಲಿ ಏನಂತ ಬರೆದ್ರಿ?’ ಅಂತ ಕೇಳಿ, ಓದಿಸಿಕೊಂಡ ಮೇಲೇ ಸಹಿ ಹಾಕಿ.