ಬಗೆಬಗೆಯ ಮಾಲು, ಪಳಗಿದ ಕೈ

ಒಂದೇ ಬಿಡಿಭಾಗವನ್ನು ವರ್ಷಗಟ್ಟಲೆ ತಯಾರಿಸಿ ಬದುಕುವ ಕಾಲ ಎಂಜಿನಿಯರಿಂಗ್ ಉದ್ಯಮದ ಪಾಲಿಗೆ ಮುಗಿಯುತ್ತ ಬಂದಿದೆ. ಕಾರು ಕಂಪನಿಗಳು ಪೆಟ್ರೋಲ್, ಸಿಎನ್‌ಜಿ, ಹೈಬ್ರಿಡ್, ವಿದ್ಯುತ್ ಎಂದು ಮಾದರಿಗಳನ್ನು ಹೆಚ್ಚಿಸುತ್ತ ಹೋದಂತೆ ಅದರ ಬಿಸಿ ಪೀಣ್ಯದ ಜಾಬ್ ವರ್ಕ್ ಶೆಡ್ಡಿಗೂ ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಗೂ ತಟ್ಟುತ್ತದೆ: ನಗ ಕಡಿಮೆ, ನಮೂನೆ ಹೆಚ್ಚು, ಗಡುವು ಹತ್ತಿರ. ಇದಕ್ಕೆ ನಮ್ಮ ಉದ್ಯಮ ಎರಡು ಉತ್ತರ ಕಂಡುಕೊಂಡಿದೆ. ಹತ್ತು ಬಗೆಯ ಕೆಲಸ ಮಾಡಬಲ್ಲ ದುಬಾರಿ ಯಂತ್ರ ಕೊಳ್ಳುವುದು ಒಂದು. ಬೇಕಾದಾಗ ಕರೆದು ಬೇಡವಾದಾಗ ಕಳಿಸಬಹುದಾದ ಗುತ್ತಿಗೆ ಕಾರ್ಮಿಕರನ್ನು ಅದರ ಮುಂದೆ ನಿಲ್ಲಿಸುವುದು ಇನ್ನೊಂದು. ಎರಡನೆಯ ಉತ್ತರ ಮೊದಲನೆಯದನ್ನು ಕೆಡಿಸುತ್ತದೆ ಎಂಬುದು ನನ್ನ ವಾದ. ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಪ್ರಕಾರ ದೇಶದ ನೋಂದಾಯಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಗುತ್ತಿಗೆಯವರ ಪಾಲು ಶೇ 40 ದಾಟಿರುವಾಗ ಇದು ಸಣ್ಣ ಮಾತಲ್ಲ.

ಈ ವಾದಕ್ಕೆ ಗಟ್ಟಿ ಪುರಾವೆ ಒದಗಿಸಿದವರು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿದ್ದ ಭಾರತ ಮೂಲದ ರಾಮಚಂದ್ರನ್ ಜೈಕುಮಾರ್. ಕಂಪ್ಯೂಟರ್ ಹೇಳಿದಂತೆ ಒಂದು ಬಿಡಿಭಾಗದಿಂದ ಇನ್ನೊಂದಕ್ಕೆ ಹೊರಳಬಲ್ಲ ಯಂತ್ರಸಮೂಹಗಳು ಅಮೆರಿಕ, ಜಪಾನ್ ಎರಡೂ ಕಡೆ ಆಗಷ್ಟೇ ಬಂದಿದ್ದವು. ಅಮೆರಿಕದ 35, ಜಪಾನಿನ 60 ಇಂಥ ವ್ಯವಸ್ಥೆಗಳನ್ನು ಹೋಲಿಸಿ 1986ರಲ್ಲಿ ಅವರು ಬರೆದ ಲೇಖನ ಇಂದಿಗೂ ಓದಿಸಿಕೊಳ್ಳುತ್ತದೆ. ಯಂತ್ರಗಳು ಹೆಚ್ಚೂಕಡಿಮೆ ಒಂದೇ ತರಹದವು. ಆದರೆ ಅಮೆರಿಕದ ವ್ಯವಸ್ಥೆಯೊಂದು ಸರಾಸರಿ 10 ಬಗೆಯ ಬಿಡಿಭಾಗ ತಯಾರಿಸುತ್ತಿದ್ದರೆ ಜಪಾನಿನದು 93 ಬಗೆ ತಯಾರಿಸುತ್ತಿತ್ತು. ಅಮೆರಿಕದಲ್ಲಿ ಒಂದು ಹೊಸ ಬಿಡಿಭಾಗ ಸೇರುವಷ್ಟರಲ್ಲಿ ಜಪಾನಿನಲ್ಲಿ 22 ಸೇರುತ್ತಿದ್ದವು. ಅಮೆರಿಕನ್ನರು ಹೊರಳುವ ಯಂತ್ರ ಕೊಂಡು ಅದರಿಂದ ಒಂದೇ ಮಾಲನ್ನು ರಾಶಿ ಹಾಕಿಸುತ್ತಿದ್ದರು. ಜಪಾನಿನಲ್ಲಿ ಆ ಯಂತ್ರಗಳ ಬಳಿ ಎಂಜಿನಿಯರುಗಳೇ ನಿಂತಿರುತ್ತಿದ್ದರು. ತರಬೇತಿಯ ಅವಧಿಯೂ ಹಲವು ಪಟ್ಟು ಹೆಚ್ಚಿತ್ತು. ಯಂತ್ರ ಸ್ಥಾಪಿಸಿದ ತಂಡ ಕೆಲಸ ಮುಗಿಯಿತೆಂದು ಚದುರದೆ ಅಲ್ಲೇ ಉಳಿದು ಪ್ರೋಗ್ರಾಮುಗಳನ್ನು ತಿದ್ದುತ್ತಿತ್ತು.

ಹೀಗೇಕೆ ಎಂಬುದು ಶಾಪ್‌ಫ್ಲೋರ್ ಬಲ್ಲವರಿಗೆ ಹೊಸದಲ್ಲ. ನಮೂನೆ ಹೆಚ್ಚಾದಾಗ ಖರ್ಚು ಬೀಳುವುದು ಯಂತ್ರ ಓಡುವಾಗ ಅಲ್ಲ, ನಿಂತಾಗ. ಒಂದು ಜಾಬ್ ಇಳಿಸಿ ಇನ್ನೊಂದಕ್ಕೆ ಸೆಟ್ಟಿಂಗ್ ಮಾಡಲು ನಾಲ್ಕು ಗಂಟೆ ಬೇಕಾದರೆ, ಆ ನಷ್ಟವನ್ನು ಹಂಚಲು ಸಾವಿರಾರು ನಗ ಒಟ್ಟಿಗೇ ತಯಾರಿಸಬೇಕು. ಅಲ್ಲಿಂದಲೇ ಗೋದಾಮು ತುಂಬುವುದು, ದುಡ್ಡು ಸಿಕ್ಕಿಬೀಳುವುದು ಶುರು. 1969ರ ಸುಮಾರಿಗೆ ಟೊಯೊಟಾದಲ್ಲಿ 1000 ಟನ್ನಿನ ಪ್ರೆಸ್ಸಿಗೆ ಡೈ ಬದಲಿಸಲು ಹಿಡಿಯುತ್ತಿದ್ದುದೂ ಇದೇ ನಾಲ್ಕು ಗಂಟೆ. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು. ಅವರ ಉಪಾಯ ಸರಳವಾಗಿತ್ತು: ಪ್ರೆಸ್ ಓಡುತ್ತಿರುವಾಗಲೇ ಮಾಡಿಡಬಹುದಾದ ಕೆಲಸವನ್ನು ಅದು ನಿಂತ ಮೇಲೆ ಮಾಡಬಾರದು. ಮುಂದಿನ ಡೈ, ಬೋಲ್ಟು, ಸ್ಪ್ಯಾನರ್ ಎಲ್ಲ ಮೊದಲೇ ಪಕ್ಕದಲ್ಲಿರಬೇಕು. ಎತ್ತರ ಹೊಂದಿಸುವ ಗೊಡವೆಯೇ ಬೇಡವಾಗುವಂತೆ ಡೈಗಳ ಅಳತೆ ಒಂದೇ ಇರಬೇಕು. ಆದರೆ ಯಾವ ಫಿಕ್ಸ್ಚರ್ ಎಲ್ಲಿ ಸಡಿಲ, ಯಾವ ಡೈ ಮೊದಲ ನಗದಲ್ಲಿ ತೊಂದರೆ ಕೊಡುತ್ತದೆ ಎಂದು ಬಲ್ಲವನಿಗೆ ಮಾತ್ರ ಇದು ಸಾಧ್ಯ. ಕೆಲವೇ ತಿಂಗಳಲ್ಲಿ ಹೊರಡಬೇಕಾದವನು ಅದನ್ನು ಕಲಿಯಲಾರ. ಕಲಿತರೂ ಹೇಳಿಕೊಡಲು ಅವನಿಗೆ ಕಾರಣವಿಲ್ಲ.

ಅದೆಲ್ಲ ಹಳೆಯ ಕಥೆ, ಈಗಿನ ಯಂತ್ರ ತನ್ನನ್ನು ತಾನೇ ಸೆಟ್ ಮಾಡಿಕೊಳ್ಳುತ್ತದೆ, ಗುಂಡಿ ಒತ್ತಲು ಯಾರಾದರೂ ಸಾಕು ಎನ್ನುವವರಿದ್ದಾರೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಒಂದೇ ಕಾರ್ಖಾನೆ ಈ ನಂಬಿಕೆಗೆ ಎರಡು ಸಲ ಉತ್ತರ ಕೊಟ್ಟಿದೆ. ಕಾರ್ಮಿಕರೇ ಸರಿಯಿಲ್ಲವೆಂಬ ಅಪಖ್ಯಾತಿಯೊಂದಿಗೆ 1982ರಲ್ಲಿ ಜನರಲ್ ಮೋಟರ್ಸ್ ಅದನ್ನು ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆಗೂಡಿ ತೆರೆದಾಗ ಬಹುಪಾಲು ಅದೇ ಕಾರ್ಮಿಕರನ್ನು ತೆಗೆದುಕೊಂಡು, ಅವರಿಗೆ ತರಬೇತಿಯನ್ನೂ ಕೆಲಸದ ಭರವಸೆಯನ್ನೂ ಕೊಟ್ಟರು. ವಿಶೇಷ ಯಂತ್ರಗಳಿಲ್ಲದೆಯೇ ಅದು ಜನರಲ್ ಮೋಟರ್ಸ್‌ನ ಅತ್ಯುತ್ತಮ ಘಟಕಗಳ ಸಾಲಿಗೆ ಸೇರಿತು. ಮುಂದೆ ಆ ಕಟ್ಟಡ ಟೆಸ್ಲಾ ಕೈಸೇರಿತು. ಮಾಡೆಲ್ 3 ಕಾರಿಗಾಗಿ ಅಲ್ಲಿ ರೋಬೋಗಳನ್ನು ತುಂಬಿದ ಇಲಾನ್ ಮಸ್ಕ್, ಯಾಂತ್ರೀಕರಣ ಅತಿಯಾದದ್ದು ತಪ್ಪೆಂದೂ ಮನುಷ್ಯರನ್ನು ಕಡೆಗಣಿಸಲಾಗಿದೆಯೆಂದೂ 2018ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಉತ್ತರ ಅಮೆರಿಕದ 61 ಕಾಗದ ಕಾರ್ಖಾನೆಗಳನ್ನು ಪರಿಶೀಲಿಸಿದ ಸಂಶೋಧಕ ಡೇವಿಡ್ ಅಪ್ಟನ್ 1995ರಲ್ಲಿ ಹೇಳಿದ್ದೂ ಇದನ್ನೇ: ಬೇಗ ಹೊರಳುವ ಶಕ್ತಿ ತಂತ್ರಜ್ಞಾನಕ್ಕಿಂತ ಜನರನ್ನು ಅವಲಂಬಿಸಿತ್ತು.

ಇಷ್ಟೊಂದು ನಮೂನೆಗಳೇ ಬೇಡ ಎಂಬ ಆಕ್ಷೇಪಕ್ಕೆ ನನ್ನ ಅರ್ಧ ಒಪ್ಪಿಗೆಯಿದೆ. ಒಂದು ಕಾಲಕ್ಕೆ ನಿಸ್ಸಾನ್ ಬಳಿ 87 ಬಗೆಯ ಸ್ಟೀರಿಂಗ್ ಚಕ್ರಗಳಿದ್ದವಂತೆ. ಅಂಥ ವೈವಿಧ್ಯ ಗ್ರಾಹಕನಿಗೆ ಬೇಕಿಲ್ಲ, ಕತ್ತರಿಸಿದರೆ ಒಳ್ಳೆಯದೇ. ಆದರೆ ಗ್ರಾಹಕ ಬಯಸುವ ಬದಲಾವಣೆಯನ್ನೂ ತಡೆದರೆ ಏನಾಗುತ್ತದೆಂದು ಫೋರ್ಡ್ ಕಂಡಿದೆ. 1908ರಿಂದ ಮಾಡೆಲ್ ಟಿ ಒಂದನ್ನೇ ಒಂದೂವರೆ ಕೋಟಿ ತಯಾರಿಸಿ, ಷೆವ್ರೊಲೆಗೆ ಗ್ರಾಹಕರನ್ನು ಬಿಟ್ಟುಕೊಟ್ಟು, 1927ರಲ್ಲಿ ಹೊಸ ಕಾರಿಗೆ ಹೊರಳಲು ತಿಂಗಳುಗಟ್ಟಲೆ ಕಾರು ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು.

ಮಾಲೀಕರ ಆಕ್ಷೇಪ ಇನ್ನೂ ಭಾರವಾದದ್ದು. ಬೇಡಿಕೆ ಏರಿಳಿಯುವಾಗ ಎಲ್ಲರಿಗೂ ಕಾಯಂ ಸಂಬಳ ಕೊಡಲಾಗದು. ಕಲಿಸಿದ ಹುಡುಗ ಐನೂರು ರೂಪಾಯಿ ಹೆಚ್ಚು ಸಿಕ್ಕರೆ ಪಕ್ಕದ ಶೆಡ್ಡಿಗೆ ಹೋಗುತ್ತಾನೆ. ಮೂವತ್ತು ಜನರ ಘಟಕಕ್ಕೆ ಇದು ನಿಜವಾದ ಸಂಕಟ. ಹಾಗಾಗಿ ಎಲ್ಲರೂ ಕಾಯಂ ಆಗಲಿ ಎನ್ನುತ್ತಿಲ್ಲ: ಲೋಡಿಂಗ್, ಪ್ಯಾಕಿಂಗ್‌ನಲ್ಲಿ ಗುತ್ತಿಗೆಯವರಿದ್ದರೆ ನಮೂನೆ ಬದಲಿಸುವ ಶಕ್ತಿಗೆ ದೊಡ್ಡ ಪೆಟ್ಟು ಬೀಳದು. ಸೆಟ್ಟಿಂಗ್, ಪ್ರೋಗ್ರಾಮಿಂಗ್, ತಪಾಸಣೆಯಲ್ಲಿ ಮಾತ್ರ ಕಾಯಂ ಜನರೇ ಇರಬೇಕು. ಪಕ್ಕದ ಶೆಡ್ಡಿನ ಭಯವನ್ನು ಒಬ್ಬ ಮಾಲೀಕ ಗೆಲ್ಲಲಾರ, ಅಲ್ಲಿ ಸರ್ಕಾರ ಬರಬೇಕು. ಯಂತ್ರ ಕೊಳ್ಳಲು ರಾಜ್ಯದ ಕೈಗಾರಿಕಾ ನೀತಿ ಬಂಡವಾಳ ಸಹಾಯಧನ ಕೊಡುತ್ತದೆ. ಅಪ್ರೆಂಟಿಸ್‌ಗಳ ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ 2016ರಿಂದ ಭರಿಸುತ್ತಿದೆ. ಕೆಲಸದಲ್ಲಿರುವ ಆಪರೇಟರ್ ಸೆಟ್ಟರ್ ಆಗಿ ಬೆಳೆಯುವ ಆ ಒಂದೆರಡು ವರ್ಷದ ಖರ್ಚಿಗೂ ಇದೇ ಬಗೆಯ ನೆರವು ಸಿಗಬೇಕು, ಯಂತ್ರದ ಸಹಾಯಧನ ಪಡೆಯುವವರಿಗೆ ಅದನ್ನು ನಡೆಸಬಲ್ಲ ಕಾಯಂ ಸೆಟ್ಟರುಗಳ ಷರತ್ತೂ ಇರಬೇಕು. 1972ರಿಂದ ಟೂಲ್ ಮತ್ತು ಡೈ ತಯಾರಿಕೆ ಕಲಿಸುತ್ತಿರುವ ನಮ್ಮದೇ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ. ಅಲ್ಲಿ ಕಲಿತು ಬಂದ ಹುಡುಗರನ್ನು ಒಂದೇ ಬಿಡಿಭಾಗ ಹಾಕಿ ತೆಗೆಯುವ ಗುತ್ತಿಗೆ ಕೆಲಸಕ್ಕೆ ನಿಲ್ಲಿಸುವುದನ್ನು ಬಿಡುವ ಕೆಲಸ ಈ ವರ್ಷವೇ ಶುರುವಾಗಲಿ.